ಜೀನ್ ತಿದ್ದಿದ ಭತ್ತ: ಕುಲಾಂತರಿ ಹೌದಾ, ಅಲ್ವಾ?

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೆಹಲಿಯಲ್ಲಿ ಎರಡು ಹೊಸ ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು ಡಿಆರ್‌ಆರ್ ಧಾನ್ 100, ಅದನ್ನು ‘ಕಮಲಾ’ ಅಂತ ಕರೆಯುತ್ತಾರೆ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಎರಡೂ ಜೀನ್ ಎಡಿಟಿಂಗ್ ಮಾಡಿ ತಯಾರಿಸಿದ ತಳಿಗಳು. ಇಂಥ ಭತ್ತವನ್ನು ರೂಪಿಸಿದ ಮೊದಲ ದೇಶ ನಮ್ಮದು ಎಂದು ಸರ್ಕಾರ ಹೇಳಿತು. ಇದು ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ, ಅಲ್ಲ ಎಂದೂ ಹೇಳಿತು. ಹೆಸರು ಬದಲಾದರೂ ಇದು ಕುಲಾಂತರಿಯೇ ಎಂದು ವಿರೋಧಿಸುವ ಸಂಘಟನೆಗಳು ಹೇಳಿದವು.

ಓದಿದವರಿಗೆ ಗೊಂದಲ ಆಗುವುದು ಸಹಜ. ಈ ಸುದ್ದಿ ನಮಗೆ ದೂರದ್ದೂ ಅಲ್ಲ. ತಳಿಗಳನ್ನು ಶಿಫಾರಸು ಮಾಡಿರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿದೆ. ಕಮಲಾಗೆ ತಾಯಿ ತಳಿ ಸಾಂಬಾ ಮಸೂರಿ, ಅಂದರೆ ಗಂಗಾವತಿ, ಸಿಂಧನೂರು, ಕಾರಟಗಿಯ ರೈತರು ‘ಬಿಪಿಟಿ’ ಎಂದು ಕರೆಯುವ ಬಿಪಿಟಿ 5204. ಪೂಸಾ ತಳಿಯ ತಾಯಿ ಎಂಟಿಯು 1010. ಅದೂ ನಮ್ಮ ಗದ್ದೆಗಳಿಗೆ ಹೊಸದಲ್ಲ. ಹಾಗಾಗಿ ಬದಲಾಗಿದ್ದು ಏನು, ಬದಲಾಗದೇ ಉಳಿದದ್ದು ಏನು ಅಂತ ನಿಧಾನವಾಗಿ ಬಿಡಿಸಿ ನೋಡಬೇಕು.

ಭತ್ತದೊಳಗೆ ಆಗಿದ್ದೇನು?

ಭತ್ತದ ಒಂದು ಜೀವಕೋಶದಲ್ಲಿ ಸುಮಾರು 40 ಕೋಟಿ ಅಕ್ಷರಗಳಷ್ಟು ಉದ್ದದ ಡಿಎನ್‌ಎ ಬರಹ ಇದೆ. ಕ್ರಿಸ್ಪರ್ ಎಂಬ ತಂತ್ರದಲ್ಲಿ ಎರಡು ಭಾಗ. ಮೊದಲನೆಯದು ಸುಮಾರು 20 ಅಕ್ಷರಗಳ ಒಂದು ವಿಳಾಸ. ಎರಡನೆಯದು ಆ ವಿಳಾಸ ಸಿಕ್ಕಿದ ಕಡೆ ಡಿಎನ್‌ಎ ಕತ್ತರಿಸುವ ಕ್ಯಾಸ್9 ಎಂಬ ಪ್ರೋಟೀನು. ಕತ್ತರಿಸಿದ ಮೇಲೆ ಜೀವಕೋಶ ತಾನೇ ತುದಿಗಳನ್ನು ಕೂಡಿಸಿಕೊಳ್ಳುತ್ತದೆ. ಆ ಅವಸರದಲ್ಲಿ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ, ಇಲ್ಲವೇ ಹೆಚ್ಚಾಗುತ್ತದೆ. ಆಗ ಆ ಜೀನ್ ಕೆಲಸ ನಿಲ್ಲಿಸುತ್ತದೆ.

ಹೈದರಾಬಾದಿನ ಭಾರತೀಯ ಅಕ್ಕಿ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯಲ್ಲಿ ಹೀಗೆ ಕೆಡಿಸಿದ್ದು ಸಿಕೆಎಕ್ಸ್2 ಎಂಬ ಜೀನನ್ನು. ತೆನೆ ಮೂಡುವ ಹೊತ್ತಿನಲ್ಲಿ ಪೈರಿನ ಒಳಗೆ ಸೈಟೋಕೈನಿನ್ ಎಂಬ ಹಾರ್ಮೋನು ಇರುತ್ತದೆ. ಅದು ಜಾಸ್ತಿ ಇದ್ದಷ್ಟೂ ತೆನೆಯಲ್ಲಿ ಕಾಳು ಕೂರುವ ಜಾಗ ಜಾಸ್ತಿ. ಸಿಕೆಎಕ್ಸ್2 ಜೀನಿನಿಂದ ಹುಟ್ಟುವ ಕಿಣ್ವ ಈ ಹಾರ್ಮೋನನ್ನು ಒಡೆದುಹಾಕುತ್ತದೆ. ಅಂದರೆ ಅದು ಕಾಳಿನ ಸಂಖ್ಯೆಗೆ ಇರುವ ಒಂದು ಬ್ರೇಕು. ಬ್ರೇಕು ತೆಗೆದರೆ ಕಾಳು ಹೆಚ್ಚುತ್ತದೆ. ಈ ಜೀನಿನ ಪಾತ್ರವನ್ನು ಜಪಾನಿನ ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದರು. ಕೆಲವು ಭತ್ತದ ತಳಿಗಳಲ್ಲಿ ಈ ಬ್ರೇಕು ಹುಟ್ಟಿನಿಂದಲೇ ಸಡಿಲವಾಗಿರುತ್ತದೆ.

ದೆಹಲಿಯ ಪೂಸಾ ಸಂಸ್ಥೆಯವರು ಎಂಟಿಯು 1010ರಲ್ಲಿ ಕೈಯಿಟ್ಟಿದ್ದು ಡಿಎಸ್‌ಟಿ ಎಂಬ ಜೀನಿಗೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ, ಅವೇ ಪತ್ರರಂಧ್ರಗಳು. ಅವುಗಳ ತೆರೆಯುವಿಕೆಯಲ್ಲಿ ಡಿಎಸ್‌ಟಿಯ ಕೈವಾಡವಿದೆ. ಡಿಎಸ್‌ಟಿ ಕೆಲಸ ನಿಲ್ಲಿಸಿದರೆ ಎಲೆಯಿಂದ ಆವಿಯಾಗಿ ಹೋಗುವ ನೀರು ಕಡಿಮೆ. ಬೇರಿನಿಂದ ನೀರೆಳೆಯುವುದು ಕಡಿಮೆ ಆದಾಗ ಅದರ ಜೊತೆ ಬರುವ ಉಪ್ಪೂ ಕಡಿಮೆ. ಹಾಗಾಗಿ ಪೈರು ಉಪ್ಪುಭೂಮಿಯಲ್ಲೂ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ.

ಸುದ್ದಿಗಳಲ್ಲಿ ಅಷ್ಟಾಗಿ ಬರದ ಒಂದು ಸಂಗತಿ ಇಲ್ಲಿದೆ. ಸಿಕೆಎಕ್ಸ್2 ಜೀನನ್ನು ಚುರುಕುಗೊಳಿಸುವುದೇ ಡಿಎಸ್‌ಟಿ. ಎರಡು ಸಂಸ್ಥೆಗಳು ಬೇರೆ ಬೇರೆ ಗುರಿ ಇಟ್ಟುಕೊಂಡು ಹೊರಟರೂ ಒಂದೇ ಸರಪಳಿಯ ಎರಡು ಕೊಂಡಿಗಳನ್ನು ಮುಟ್ಟಿವೆ. ಗಿಡದೊಳಗೆ ಯಾವ ಜೀನೂ ಒಂಟಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಒಂದನ್ನು ನಿಲ್ಲಿಸಿದರೆ ಇನ್ನೊಂದರ ಮೇಲೂ ಪರಿಣಾಮ ಆಗುತ್ತದೆ. ಪರೀಕ್ಷೆ ಬೇಕು ಎನ್ನುವವರ ಮಾತಿಗೆ ತೂಕ ಬರುವುದು ಇಲ್ಲಿಂದಲೇ.

ಸರ್ಕಾರದ ವಾದ

ಬಿಟಿ ಹತ್ತಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗೆ ಸೇರಿಸಿದ್ದಾರೆ. ಆ ಜೀನು ಹತ್ತಿ ಗಿಡಕ್ಕೆ ತಾನಾಗಿ ಬರುವಂಥದ್ದಲ್ಲ. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿಯೊಂದೇ ಇವತ್ತಿಗೂ ದೇಶದಲ್ಲಿ ವಾಣಿಜ್ಯ ಬೆಳೆಯಾಗಿ ಒಪ್ಪಿಗೆ ಪಡೆದ ಕುಲಾಂತರಿ.

ಕಮಲಾದಲ್ಲಿ ಹಾಗೆ ಹೊರಗಿನ ಜೀನ್ ಇಲ್ಲ. ಇದ್ದ ಜೀನಿನಲ್ಲೇ ಸಣ್ಣ ಅಳಿಸುವಿಕೆ ಆಗಿದೆ. ಇಂಥ ಬದಲಾವಣೆ ಬಿಸಿಲಿನಿಂದ, ವಿಕಿರಣದಿಂದ, ಸುಮ್ನೆ ನಕಲಿನ ತಪ್ಪಿನಿಂದಲೂ ಆಗಬಹುದು. ನಮ್ಮ ರೈತರು ಬೆಳೆಯುವ ಟಿಎಜಿ 24 ಶೇಂಗಾ ಬಂದಿದ್ದು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಕಿರಣದಿಂದ ಬದಲಾದ ತಳಿಗಳ ಸಂತತಿಯಲ್ಲಿ. ವಿಕಿರಣ ಎಲ್ಲೆಲ್ಲಿ ಹೊಡೆಯುತ್ತದೆ ಎಂದು ಮೊದಲೇ ಹೇಳಲಾಗದು. ಕ್ರಿಸ್ಪರ್ ಹೊಡೆಯುವ ಜಾಗ ಗೊತ್ತಿರುತ್ತದೆ. ಅದಕ್ಕೆ ಇಲ್ಲದ ಕಟ್ಟುನಿಟ್ಟು ಇದಕ್ಕೆ ಯಾಕೆ ಎಂಬುದು ವಿಜ್ಞಾನಿಗಳ ಪ್ರಶ್ನೆ.

ಈ ವಾದದ ಮೇಲೆಯೇ ಪರಿಸರ ಸಚಿವಾಲಯ 2022ರ ಮಾರ್ಚ್ 30ರಂದು ವಿನಾಯಿತಿ ಕೊಟ್ಟಿತು. ಕುಲಾಂತರಿಗಳಿಗೆ ಅನ್ವಯಿಸುವ 1989ರ ನಿಯಮಗಳಲ್ಲಿ 7ರಿಂದ 11ರವರೆಗಿನವು ಎಸ್‌ಡಿಎನ್-1 ಮತ್ತು ಎಸ್‌ಡಿಎನ್-2 ಬಗೆಯ ಸಸ್ಯಗಳಿಗೆ ಅನ್ವಯಿಸುವುದಿಲ್ಲ. ಎಸ್‌ಡಿಎನ್-1 ಅಂದರೆ ಕತ್ತರಿಸಿ ಬಿಟ್ಟುಬಿಡುವುದು. ಎಸ್‌ಡಿಎನ್-2 ಅಂದರೆ ಒಂದು ಮಾದರಿ ಕೊಟ್ಟು ಕೆಲವೇ ಅಕ್ಷರ ತಿದ್ದಿಸುವುದು. ಇಡೀ ಜೀನನ್ನೇ ತಂದು ಸೇರಿಸುವ ಎಸ್‌ಡಿಎನ್-3ಕ್ಕೆ ವಿನಾಯಿತಿ ಇಲ್ಲ. ಬಿಡುಗಡೆಯಾದ ಎರಡೂ ಭತ್ತಗಳು ಮೊದಲನೆಯ ಬಗೆಯವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ‘ಹೊರಗಿನ ಜೀನ್ ಇಲ್ಲ’ ಎನ್ನುವುದು ಕೊನೆಯ ಬೀಜದ ಮಟ್ಟಿಗೆ ನಿಜ. ದಾರಿಯಲ್ಲಿ ಇತ್ತು. ಕ್ಯಾಸ್9 ಪ್ರೋಟೀನು ಗಿಡದೊಳಗೆ ತಯಾರಾಗಲು ಅದರ ಜೀನನ್ನು ಸಾಮಾನ್ಯವಾಗಿ ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಒಳಗೆ ಸೇರಿಸುತ್ತಾರೆ. ಆ ಹಂತದಲ್ಲಿ ಗಿಡ ಕುಲಾಂತರಿಯೇ. ತಿದ್ದುವ ಕೆಲಸ ಮುಗಿದ ಮೇಲೆ ಅದರ ಬೀಜ ಬಿತ್ತುತ್ತಾರೆ. ಕ್ಯಾಸ್9 ಜೀನು ಒಂದೇ ಕಡೆ ಸೇರಿದ್ದರೆ, ಮೆಂಡೆಲ್ ಬಟಾಣಿಯಲ್ಲಿ ಕಂಡ ಲೆಕ್ಕದಂತೆ, ಮರಿಗಿಡಗಳಲ್ಲಿ ನಾಲ್ಕರಲ್ಲಿ ಒಂದರಷ್ಟರಲ್ಲಿ ಅದು ಇರುವುದಿಲ್ಲ. ತಿದ್ದುಪಡಿ ಉಳಿದು ಕ್ಯಾಸ್9 ಇಲ್ಲದ ಗಿಡವನ್ನು ಹುಡುಕಿ ಬೆಳೆಸುತ್ತಾರೆ. ವಿನಾಯಿತಿ ಸಿಗುವುದು ಹೀಗೆ ಸ್ವಚ್ಛವಾದ ಗಿಡಕ್ಕೆ ಮಾತ್ರ. ಸ್ವಚ್ಛವಾಗಿದೆಯೇ ಎಂದು ಮೊದಲು ನೋಡುವುದು ತಳಿ ಮಾಡಿದ ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿ.

ವಿರೋಧದ ವಾದ

ವಿರೋಧಿಸುವವರ ಮೊದಲ ಆಕ್ಷೇಪ ಇಲ್ಲೇ ಇದೆ. ಮಾಡಿದವರ ಮನೆಯ ಸಮಿತಿಯೇ ಸರಿ ಎಂದರೆ ಸಾಕೇ? ಕುಲಾಂತರಿಗಳಿಗೆ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ, ಅಂದರೆ ಜಿಇಎಸಿ ಎಂಬ ಹೊರಗಿನ ತೂಗುವಿಕೆ ಇದೆ. ಈ ಭತ್ತ ಅದರ ಮುಂದೆ ಹೋಗಲಿಲ್ಲ.

ಎರಡನೆಯ ಆಕ್ಷೇಪ ಗುರಿ ತಪ್ಪುವ ಬಗ್ಗೆ. 20 ಅಕ್ಷರದ ವಿಳಾಸಕ್ಕೆ ಹೋಲುವ ಇನ್ನೊಂದು ಸಾಲು 40 ಕೋಟಿ ಅಕ್ಷರಗಳ ನಡುವೆ ಎಲ್ಲೋ ಇದ್ದರೆ ಅಲ್ಲೂ ಕತ್ತರಿ ಬೀಳಬಹುದು. ಇದು ಕಲ್ಪನೆಯ ಭಯವಲ್ಲ, ವಿಜ್ಞಾನಿಗಳೂ ಒಪ್ಪುವ ಸಾಧ್ಯತೆ. ಅದನ್ನು ಪತ್ತೆ ಮಾಡುವ ದಾರಿಯೂ ಇದೆ: ತಾಯಿ ತಳಿಯ ಮತ್ತು ಹೊಸ ತಳಿಯ ಪೂರ್ತಿ ಡಿಎನ್‌ಎ ಓದಿ, ಪಕ್ಕಪಕ್ಕ ಇಟ್ಟು ನೋಡುವುದು. ಭತ್ತದ ಮಟ್ಟಿಗೆ ಇದು ಇವತ್ತು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಹಾಗಿರುವಾಗ ಆ ಹೋಲಿಕೆಯನ್ನು ಎಲ್ಲರ ಮುಂದೆ ಇಡುವುದರಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಕಳೆದುಕೊಳ್ಳುವಂಥದ್ದು ಏನಿದೆ? ಸಾರ್ವಜನಿಕರ ದುಡ್ಡಿನಲ್ಲಿ ಆದ ಕೆಲಸ ಇದು. 2023-24ರ ಬಜೆಟ್ಟಿನಲ್ಲಿ ಬೆಳೆಗಳ ಜೀನ್ ಎಡಿಟಿಂಗ್‌ಗೆ 500 ಕೋಟಿ ರೂಪಾಯಿ ತೆಗೆದಿಡಲಾಗಿತ್ತು.

ಮೂರನೆಯದು ಫಸಲಿನ ಲೆಕ್ಕ. 2025ರ ಅಕ್ಟೋಬರ್‌ನಲ್ಲಿ ಕುಲಾಂತರಿ ಮುಕ್ತ ಭಾರತ ಒಕ್ಕೂಟ ಸರ್ಕಾರದ್ದೇ ಅಖಿಲ ಭಾರತ ಭತ್ತ ಪ್ರಯೋಗಗಳ ವರದಿಗಳನ್ನು ಮುಂದಿಟ್ಟು, ಹೇಳಿದಷ್ಟು ಹೆಚ್ಚುವರಿ ಇಳುವರಿ ಅವುಗಳಲ್ಲಿ ಕಾಣುವುದಿಲ್ಲ ಎಂದು ಆರೋಪಿಸಿತು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಆ ಆರೋಪವನ್ನು ತಳ್ಳಿಹಾಕಿತು. ಇದರ ಬಗ್ಗೆ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಶೇ 19 ಅಂದರೆ ಎಕರೆಗೆ ಎಷ್ಟು ಚೀಲ?

ಸರ್ಕಾರ ಕೊಟ್ಟ ಅಂಕಿ ಹೀಗಿದೆ: ಸಾಂಬಾ ಮಸೂರಿ ಸರಾಸರಿ ಹೆಕ್ಟೇರಿಗೆ 45 ಕ್ವಿಂಟಲ್, ಕಮಲಾ 53.7 ಕ್ವಿಂಟಲ್. ಹೆಚ್ಚಳ ಶೇ 19. ತುಂಗಭದ್ರಾ ಭಾಗದಲ್ಲಿ ಭತ್ತದ ಲೆಕ್ಕ 75 ಕಿಲೋ ಚೀಲದಲ್ಲಿ. ಆ ಲೆಕ್ಕದಲ್ಲಿ ಎಕರೆಗೆ 24 ಚೀಲ ಇದ್ದದ್ದು 29 ಚೀಲ ಆಗುತ್ತದೆ. ಐದು ಚೀಲ ಸಣ್ಣ ಮಾತಲ್ಲ. ಆದರೆ ನೀರು, ಗೊಬ್ಬರ ಸರಿಯಾಗಿ ಸಿಕ್ಕ ಗಂಗಾವತಿಯ ರೈತ ಬಿಪಿಟಿಯಲ್ಲೇ 24 ಚೀಲಕ್ಕಿಂತ ಜಾಸ್ತಿ ತೆಗೆಯುತ್ತಾನೆ. ಅವನ ಗದ್ದೆಯಲ್ಲೂ ಐದು ಚೀಲ ಹೆಚ್ಚು ಬರುತ್ತದೆಯೇ, ಇಲ್ಲ ಸೊರಗಿದ ಗದ್ದೆಯಲ್ಲಿ ಮಾತ್ರವೇ? ದೇಶದ ಸರಾಸರಿ ಇದಕ್ಕೆ ಉತ್ತರ ಕೊಡುವುದಿಲ್ಲ. ಸ್ಥಳವಾರು ಅಂಕಿ ಕೊಡಬೇಕು.

ಇನ್ನೊಂದು ಸೂಕ್ಷ್ಮ ಇದೆ. ತೆನೆಯಲ್ಲಿ ಕಾಳಿನ ಜಾಗ ಹೆಚ್ಚಾದ ಮಾತ್ರಕ್ಕೆ ಕಾಳು ತುಂಬಬೇಕೆಂದೇನಿಲ್ಲ. ಎಲೆ ತಯಾರಿಸುವ ಆಹಾರ ಅಷ್ಟೂ ಕಾಳಿಗೆ ಸಾಲದಿದ್ದರೆ ತೆನೆಯ ಬುಡದ ಕಡೆ ಜೊಳ್ಳು ಉಳಿಯುತ್ತದೆ, ಇಲ್ಲವೇ ಕಾಳು ಹಗುರಾಗುತ್ತದೆ. ಹಾಗಾಗಿ ತೆನೆ ಎಣಿಸುವುದಕ್ಕಿಂತ ತೂರಿದ ಮೇಲೆ ತೂಗಿದ ಲೆಕ್ಕವೇ ಮುಖ್ಯ. ಸಾಂಬಾ ಮಸೂರಿಗೆ ಬೆಲೆ ಸಿಗುವುದು ಸಣ್ಣಕ್ಕಿ ಅಂತ. ಅಕ್ಕಿಯ ಗುಣ ಹಾಗೇ ಉಳಿದಿದೆ ಎಂದು ಸಂಸ್ಥೆ ಹೇಳುತ್ತದೆ. ಮಿಲ್ಲಿನವರು ಹಿಡಿ ಭತ್ತ ಕೈಯಲ್ಲಿ ಉಜ್ಜಿ ನೋಡಿ ಒಪ್ಪಿದರೆ ಮಾತ್ರ ರೈತನಿಗೆ ಅದು ನಿಜ.

ಕಮಲಾದ ನಿಜವಾದ ಲಾಭ ಬಹುಶಃ ಬೇರೆ ಕಡೆ ಇದೆ. ಇದು ಸುಮಾರು 130 ದಿನಕ್ಕೆ ಕೊಯ್ಲಿಗೆ ಬರುತ್ತದೆ, ತಾಯಿ ತಳಿಗಿಂತ 15ರಿಂದ 20 ದಿನ ಮುಂಚೆ. ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವರಿಗೆ ಈ 20 ದಿನದ ಬೆಲೆ ಗೊತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ, ಬಲದಂಡೆಯ ರೈತರು ಎದೆ ಹಿಡಿದುಕೊಂಡು ಕೂತಿದ್ದು ಕಾಲುವೆಗೆ ಕೊನೆಯವರೆಗೆ ನೀರು ಬರುತ್ತದೋ ಇಲ್ಲವೋ ಎಂದೇ. ಕಾಳು ತುಂಬುವ ಹೊತ್ತಿಗೆ ನೀರು ನಿಂತರೆ ವರ್ಷದ ದುಡಿಮೆ ಹೋಯಿತು. ಹಾಗಾಗಿ ಇಳುವರಿ ಒಂದು ಚೀಲವೂ ಹೆಚ್ಚಾಗದಿದ್ದರೂ, ಬೇಗ ಮಾಗುವ ಬಿಪಿಟಿ ಕೊನೆಯಂಚಿನ ರೈತನಿಗೆ ದೊಡ್ಡ ಆಸರೆ. ಸರ್ಕಾರ ಶೇ 19ರ ಬದಲು ಇದನ್ನು ಮುಂದೆ ಮಾಡಬೇಕಿತ್ತು ಅನಿಸುತ್ತದೆ.

ಪೂಸಾ ತಳಿಯ ಶೇಕಡಾವಾರು ಅಂಕಿಯನ್ನು ಇನ್ನೂ ಎಚ್ಚರದಿಂದ ಓದಬೇಕು. ಕರಾವಳಿಯ ಉಪ್ಪುಭೂಮಿಯಲ್ಲಿ ಶೇ 30.4 ಹೆಚ್ಚಳ, ಕ್ಷಾರ ಭೂಮಿಯಲ್ಲಿ ಶೇ 14.66, ಒಳನಾಡಿನ ಉಪ್ಪುಭೂಮಿಯಲ್ಲಿ ಶೇ 9.66 ಎಂದು ಹೇಳಲಾಗಿದೆ. ಹೋಲಿಕೆ ಎಂಟಿಯು 1010 ಜೊತೆ. ಆ ತಳಿ ಉಪ್ಪಿನಲ್ಲಿ ಸೊರಗಿ ಹತ್ತು ಚೀಲ ಕೊಟ್ಟರೆ, ಶೇ 30 ಹೆಚ್ಚಳ ಅಂದರೆ ಹದಿಮೂರು ಚೀಲ. ರೈತ ಕೇಳುವುದು ಬೇರೆ ಪ್ರಶ್ನೆ: ಉಪ್ಪು ತಡೆಯುವ ಬೇರೆ ತಳಿಗಳ ಮುಂದೆ ಇದು ಹೇಗೆ? ಕುಮಟಾದ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ತಲೆಮಾರುಗಳಿಂದ ಉಪ್ಪುನೀರಿನಲ್ಲೇ ನಿಂತು ಬೆಳೆದಿದೆ. ಇಳುವರಿ ಕಡಿಮೆ, ನಿಜ. ಕಟ್ಟೆಗಳು ಒಡೆದು, ಸೀಗಡಿ ಸಾಕಣೆ ಬಂದು ಕಗ್ಗದ ಗದ್ದೆಗಳೂ ಕಡಿಮೆಯಾದವು. ಆದರೂ ಉಪ್ಪಿನ ಪರೀಕ್ಷೆಗೆ ಒರೆಗಲ್ಲು ಬೇಕೆಂದರೆ ಅದು ಕಗ್ಗ.

ತುಂಗಭದ್ರಾ ಭಾಗದ ಸವಳು-ಜವಳು ಭೂಮಿಗೂ ಇದೇ ಮಾತು. ಅಲ್ಲಿ ನೆಲ ಕೆಟ್ಟಿದ್ದು ಜಾಸ್ತಿ ನೀರು ಬಿಟ್ಟು, ಬಸಿದುಹೋಗಲು ದಾರಿ ಇಲ್ಲದೆ. ಅಂತರ್ಜಲ ಮೇಲೇರಿತು, ಜೊತೆಗೆ ಉಪ್ಪೂ ಮೇಲೆ ಬಂತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸಮಸ್ಯೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಉಪ್ಪು ತಡೆಯುವ ತಳಿ ನೆಲದ ಉಪ್ಪನ್ನು ತೆಗೆಯುವುದಿಲ್ಲ. ಅದನ್ನು ತೆಗೆಯುವುದು ಬಸಿಗಾಲುವೆ. ತಳಿ ಬಂತಲ್ಲ ಅಂತ ಬಸಿಗಾಲುವೆಯ ಕೆಲಸ ಮೂಲೆಗೆ ಸೇರಿದರೆ ನೆಲ ಇನ್ನೂ ಕೆಡುತ್ತದೆ. ಆಮೇಲೆ ಈ ತಳಿಯೂ ತಡೆಯದು.

ಕತ್ತರಿಯ ಒಡೆತನ

ಕ್ರಿಸ್ಪರ್-ಕ್ಯಾಸ್9 ವಿಧಾನವನ್ನು 2012ರಲ್ಲಿ ತೋರಿಸಿದ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪೆಂಟಿಯೆ ಅವರಿಗೆ 2020ರಲ್ಲಿ ನೊಬೆಲ್ ಬಂತು. ಪೇಟೆಂಟಿಗಾಗಿ ಅವರ ವಿಶ್ವವಿದ್ಯಾಲಯಗಳ ಬಣಕ್ಕೂ ಅಮೆರಿಕದ ಬ್ರಾಡ್ ಸಂಸ್ಥೆಗೂ ದೀರ್ಘ ಜಗಳ ನಡೆದಿದೆ. ಸಂಶೋಧನೆಗೆ ಈ ತಂತ್ರ ಬಳಸುವುದು ಸುಲಭ. ಬೀಜ ಮಾರಾಟಕ್ಕೆ ಹೊರಟಾಗ ಲೈಸೆನ್ಸ್ ಪ್ರಶ್ನೆ ಬರುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಕಲಸಬಾರದು. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಮಿನ ಪ್ರಕಾರ ಗಿಡಕ್ಕೆ, ಬೀಜಕ್ಕೆ, ತಳಿಗೆ ಪೇಟೆಂಟ್ ಇಲ್ಲ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ರೈತ ಬೀಜ ಉಳಿಸಿ ಬಿತ್ತಬಹುದು, ಹಂಚಬಹುದು, ಬ್ರಾಂಡ್ ಹೆಸರು ಹಾಕದೆ ಮಾರಲೂಬಹುದು. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಆದ್ದರಿಂದ ಉಳಿಸಿದ ಬೀಜದಲ್ಲಿ ಗುಣ ಉಳಿಯುತ್ತದೆ. ಪೇಟೆಂಟ್ ಇರುವುದು ಕತ್ತರಿಗೆ. ಅದರ ಶುಲ್ಕ ಯಾರು ಕಟ್ಟುತ್ತಾರೆ, ಬೀಜದ ಬೆಲೆಯಲ್ಲಿ ಅದು ಸೇರುತ್ತದೆಯೇ ಎಂಬುದನ್ನು ಸರ್ಕಾರ ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ಒಳ್ಳೆಯ ಉತ್ತರ ಹುಡುಕುತ್ತಿರುವವರೂ ನಮ್ಮಲ್ಲೇ ಇದ್ದಾರೆ. ಕಟಕ್‌ನ ಕೇಂದ್ರೀಯ ಅಕ್ಕಿ ಸಂಶೋಧನಾ ಸಂಸ್ಥೆ ಟಿಎನ್‌ಪಿಬಿ ಎಂಬ ಬೇರೆ ಪ್ರೋಟೀನನ್ನು ಗಿಡಗಳಿಗೆ ಪಳಗಿಸಿದೆ. ಗಾತ್ರದಲ್ಲಿ ಅದು ಕ್ಯಾಸ್9ನ ಮೂರನೇ ಒಂದರಷ್ಟು. ಇದಕ್ಕೆ ಭಾರತದಲ್ಲಿ ಪೇಟೆಂಟೂ ಸಿಕ್ಕಿದೆ.

ಅದೇ ಬ್ರೇಕು, ಕುರಿಯಲ್ಲಿ ಮತ್ತು ಮನುಷ್ಯರಲ್ಲಿ

ಭತ್ತದ ಚರ್ಚೆ ಭತ್ತಕ್ಕೇ ನಿಲ್ಲುವುದಿಲ್ಲ. 2025ರ ಮೇ ತಿಂಗಳಲ್ಲೇ ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಜೀನ್ ತಿದ್ದಿದ ಕುರಿಯನ್ನು ಪ್ರಕಟಿಸಿತು. ಅಲ್ಲಿ ನಿಲ್ಲಿಸಿದ್ದು ಮಯೋಸ್ಟಾಟಿನ್ ಜೀನನ್ನು, ಮಾಂಸಖಂಡ ಬೆಳೆಯುವುದಕ್ಕಿರುವ ಬ್ರೇಕು. 2022ರ ವಿನಾಯಿತಿ ಗಿಡಗಳಿಗೆ ಮಾತ್ರ, ಪ್ರಾಣಿಗಳಿಗಲ್ಲ. ಅದು ಹಾಗೇ ಇರಬೇಕು. ನೋವು ಗೊತ್ತಾಗುವ ಜೀವಿಯ ವಿಷಯದಲ್ಲಿ ಇಳುವರಿಯ ಲೆಕ್ಕವೊಂದೇ ಸಾಲದು.

ಮನುಷ್ಯರಲ್ಲಿ ಕುಡಗೋಲು ಕಣ ರೋಗಕ್ಕೆ, ಅಂದರೆ ಸಿಕಲ್ ಸೆಲ್‌ಗೆ, ಕ್ಯಾಸ್‌ಜೆವಿ ಎಂಬ ಚಿಕಿತ್ಸೆ 2023ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆ ಪಡೆಯಿತು. ಅಲ್ಲೂ ಸಡಿಲಿಸುವುದು ಒಂದು ಬ್ರೇಕನ್ನೇ: ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ನಿಲ್ಲುವಂತೆ ಮಾಡುವ ಜೀನು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ರೋಗ ಇದೆ. ಅವರಿಗೆ ಆ ಬೆಲೆ ಕನಸಿನಲ್ಲೂ ಎಟುಕದು. ದೆಹಲಿಯ ಐಜಿಐಬಿ ಎಂಬ ಸರ್ಕಾರಿ ಜೀನ್ ಸಂಶೋಧನಾ ಸಂಸ್ಥೆ ರೂಪಿಸಿದ ‘ಬಿರ್ಸಾ 101’ ಚಿಕಿತ್ಸೆ 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ ಅಷ್ಟು ಭರವಸೆ ಹುಟ್ಟಿದ್ದು ಅದಕ್ಕೇ. ಇವೆರಡೂ ರೋಗಿಯ ದೇಹದ ಕಣಗಳನ್ನಷ್ಟೇ ತಿದ್ದುತ್ತವೆ, ಮಕ್ಕಳಿಗೆ ಹರಿಯುವುದಿಲ್ಲ. ಭ್ರೂಣವನ್ನು ತಿದ್ದಿ ಮಗು ಹುಟ್ಟಿಸುವುದಕ್ಕೆ ಭಾರತದಲ್ಲಿ ಅವಕಾಶ ಇಲ್ಲ.

ರಾಯಚೂರಿನಲ್ಲಿ ಆಗಿದ್ದು ಮರೆಯಬಾರದು

1998ರ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಹೊಲಗಳಲ್ಲಿ ಪ್ರಯೋಗಕ್ಕೆ ಹಾಕಿದ್ದ ಬಿಟಿ ಹತ್ತಿಯನ್ನು ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರಾಜ್ಯ ರೈತ ಸಂಘ ಕಿತ್ತು ಸುಟ್ಟಿತು. ಅಂದಿನ ದೊಡ್ಡ ಆರೋಪ, ಹೊಲದ ಒಡೆಯರಿಗೇ ತಮ್ಮ ಹೊಲದಲ್ಲಿರುವುದು ಏನೆಂದು ಸರಿಯಾಗಿ ತಿಳಿಸಿರಲಿಲ್ಲ ಎಂಬುದು. 2010ರಲ್ಲಿ ಬಿಟಿ ಬದನೆ ಬಂದಾಗ ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಯಿತು, ಕೊನೆಗೆ ಅದಕ್ಕೆ ತಡೆ ಬಿತ್ತು. ಆ ತಡೆ ಸರಿಯೋ ತಪ್ಪೋ ಎಂಬ ವಾದ ಇವತ್ತಿಗೂ ಇದೆ. ಆದರೆ ಜನ ಕೇಳಿದರು, ಸಚಿವರು ಎದುರು ಕೂತು ಉತ್ತರ ಕೊಟ್ಟರು. ಜೀನ್ ತಿದ್ದಿದ ಭತ್ತಕ್ಕೆ ಅಂಥ ಒಂದು ಸಭೆಯೂ ಆಗಲಿಲ್ಲ.

ಹಾಗಾದರೆ ಇದು ಕುಲಾಂತರಿಯೇ? ಬಿಟಿ ಹತ್ತಿಯ ಅರ್ಥದಲ್ಲಿ ಅಲ್ಲ. ಹೊರಗಿನ ಜೀನಿನ ಭಯವನ್ನು ಈ ಭತ್ತದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ‘ಕುಲಾಂತರಿ ಅಲ್ಲ’ ಎಂಬ ಉತ್ತರದಿಂದ ಇಳುವರಿಯ, ಒಡೆತನದ, ಗುರಿ ತಪ್ಪಿದ ಕತ್ತರಿಯ ಪ್ರಶ್ನೆಗಳು ಮುಗಿಯುವುದೂ ಇಲ್ಲ.

ಇನ್ನೊಂದು ತೊಡಕಿದೆ. ಒಂದೆರಡು ಅಕ್ಷರ ಅಳಿಸಿದ ಭತ್ತವನ್ನು ಲ್ಯಾಬಿಗೆ ಕೊಟ್ಟರೆ, ಅಳಿಸಿದ್ದು ಕ್ರಿಸ್ಪರೋ ನಿಸರ್ಗವೋ ಎಂದು ಹೇಳಲಾಗದು. ಕುಲಾಂತರಿಯಾದರೆ ಹೊರಗಿನ ಜೀನನ್ನು ಹುಡುಕಿ ಹಿಡಿಯಬಹುದು. ಇಲ್ಲಿ ಹುಡುಕಲು ಏನೂ ಇಲ್ಲ. ಅಂದರೆ ಬೀಜದ ಜಾತಕ ಉಳಿಯುವುದು ದಾಖಲೆಯಲ್ಲಿ ಮಾತ್ರ. ಮೊದಲ ದಿನದಿಂದ ಬರೆದಿಡದಿದ್ದರೆ ಹತ್ತು ವರ್ಷದ ನಂತರ ಬೇಕೆಂದರೂ ಸಿಗುವುದಿಲ್ಲ. ಸಾವಯವ ಭತ್ತ ಬೆಳೆಯುವವರಿಗೆ, ಹೊರದೇಶಕ್ಕೆ ಕಳಿಸುವವರಿಗೆ ಇದು ಹೊಟ್ಟೆಪಾಡಿನ ವಿಷಯ.

ನೀಲಿ ಚೀಟಿ

ಹೊಸ ತಳಿ ನೇರ ಅಂಗಡಿಗೆ ಬರುವುದಿಲ್ಲ. ಮೊದಲು ತಳಿವರ್ಧಕ ಬೀಜ, ಅದಕ್ಕೆ ಹಳದಿ ಚೀಟಿ. ಅದರಿಂದ ಮೂಲ ಬೀಜ, ಬಿಳಿ ಚೀಟಿ. ಕೊನೆಗೆ ರೈತನ ಕೈಗೆ ಬರುವುದು ನೀಲಿ ಚೀಟಿ ಹೊಲಿದ ಪ್ರಮಾಣಿತ ಬೀಜದ ಚೀಲ. ಆ ಚೀಟಿಯಲ್ಲಿ ತಳಿಯ ಹೆಸರು, ಲಾಟ್ ನಂಬರು, ಪರೀಕ್ಷೆ ಮಾಡಿದ ದಿನ, ಅವಧಿ ಮುಗಿಯುವ ದಿನ ಎಲ್ಲ ಇರುತ್ತದೆ. ಇದು ಜೀನ್ ತಿದ್ದಿದ ತಳಿ ಎಂದು ಬರೆಯಬೇಕೆಂಬ ಷರತ್ತು 2022ರ ವಿನಾಯಿತಿಯಲ್ಲಿ ಇಲ್ಲ. ಯಾವ ತಳಿಯಿಂದ ಬಂತು, ಯಾವ ಜೀನನ್ನು ತಿದ್ದಿದ್ದಾರೆ, ಪ್ರಯೋಗದ ಅಂಕಿ ಎಲ್ಲಿ ನೋಡಬಹುದು ಎಂದು ಮೂರು ಸಾಲು ಕನ್ನಡದಲ್ಲಿ ಸೇರಿಸಲು ಆ ಚೀಟಿಯಲ್ಲಿ ಜಾಗ ಇದೆ. ಸಿಂಧನೂರಿನ ಬೀಜದಂಗಡಿಗೆ ಕಮಲಾ ಬರುವ ಮೊದಲೇ ಅದನ್ನು ಮಾಡಬಹುದು.